ವಿಯೆನ್ನಾದಲ್ಲಿ ಕುದುರೆಯ ಕತ್ತು ನೋಡಿ ಬಂದೆ, ಹಿಂಗಾಲು ನೋಡಲಿಲ್ಲ

ರೈಡಿಂಗ್ ಗೆಳೆಯರು ಐದು ಜನ ವಿಯೆನ್ನಾಗೆ ಹೊರಟಿದ್ದೀರಿ. ಲಿಪಿಝಾನ್ ತಳಿಯ ಕುದುರೆಗಳನ್ನು ಪಳಗಿಸುವ ಅಲ್ಲಿನ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ದೊಡ್ಡ ಪ್ರದರ್ಶನಕ್ಕೆ ಹೋಗುವುದಾ, ಬೆಳಗಿನ ತಾಲೀಮು ನೋಡಿದರೆ ಸಾಕಾ, ಅಲ್ಲಿ ನೋಡಿದ್ದರಲ್ಲಿ ಏನೇನನ್ನು ಬಂದು ನಮ್ಮ ಕುದುರೆಗಳಿಗೆ ಕಲಿಸಬಹುದು ಅಂತ ಕೇಳಿದ್ದೀರಿ. ಆ ಕೊನೆಯ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 2019ರ ಸೆಪ್ಟೆಂಬರಿನಲ್ಲಿ ವಿಮಾನ ಹತ್ತುವಾಗ ನನ್ನ ತಲೆಯಲ್ಲೂ ಇದ್ದದ್ದು ಅದೇ.

ನಾವು ನಾಲ್ಕು ಜನ ಹೋಗಿದ್ದೆವು. ಬೆಂಗಳೂರಿನ ಹೊರಗೆ ಒಂದೇ ಲಾಯದಲ್ಲಿ ಕಲಿಯುತ್ತಿದ್ದವರು. ನಾನು ಹತ್ತಲು ಶುರುಮಾಡಿ ಆಗ ಎರಡು ವರ್ಷ. ನಾನೂ ನನ್ನ ಗೆಳತಿಯೂ ಸೇರಿ ಒಂದು ಕುದುರೆಯನ್ನು ಅರ್ಧರ್ಧ ಲೀಸ್‌ಗೆ ತೆಗೆದುಕೊಂಡಿದ್ದೆವು. ಹೆಸರು ಧ್ರುವ. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ರೇಸ್ ಬಿಟ್ಟು ಬಂದ ಥರೋಬ್ರೆಡ್. ನಮ್ಮೂರಿನ ರೈಡಿಂಗ್ ಸ್ಕೂಲುಗಳಲ್ಲಿ ಇಂಥ ಕುದುರೆಗಳೇ ಜಾಸ್ತಿ, ನೀವು ಹತ್ತುವುದೂ ಬಹುಶಃ ಇಂಥದ್ದನ್ನೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ವಾರದಲ್ಲಿ ಮೂರು ದಿನ ನನ್ನ ಪಾಳಿ, ಮೂರು ದಿನ ಅವಳದ್ದು, ಸೋಮವಾರ ಅವನಿಗೆ ರಜೆ. ಡಿಸೆಂಬರಿನಲ್ಲಿ ಒಂದು ಡ್ರೆಸ್ಸಾಜ್ ಸ್ಪರ್ಧೆ ಇತ್ತು, ಅಂದರೆ ಕುದುರೆಯಿಂದ ಗೊತ್ತುಮಾಡಿದ ನಡೆಗಳನ್ನು ಅಚ್ಚುಕಟ್ಟಾಗಿ ಮಾಡಿಸುವ ಸ್ಪರ್ಧೆ. ಅದಕ್ಕೆ ಅವಳು ಧ್ರುವನ ಜೊತೆ ಹೆಸರು ಕೊಟ್ಟಿದ್ದಳು. ಮೂವತ್ತೆಂಟನೇ ವಯಸ್ಸಿನಲ್ಲಿ ಅವಳ ಮೊದಲ ಸ್ಪರ್ಧೆ.

ನಾವು ನೋಡಿದ್ದು ಬೆಳಗಿನ ತಾಲೀಮು. ಹೋಫ್‌ಬುರ್ಗ್ ಅರಮನೆಯ ಒಳಗೇ ಇದೆ ಆ ಸವಾರಿ ಮನೆ. ಆರನೇ ಚಾರ್ಲ್ಸ್ ಚಕ್ರವರ್ತಿ ಕಟ್ಟಿಸಿದ್ದು, 1735ರಲ್ಲಿ ಕೆಲಸ ಮುಗಿದದ್ದು. 55 ಮೀಟರ್ ಉದ್ದ, 18 ಮೀಟರ್ ಅಗಲ. ಇಡೀ ಬಿಳಿ ಗೋಡೆ, ಬಿಳಿ ಕಂಬ, ಮೇಲೆ ದೊಡ್ಡ ತೂಗುದೀಪಗಳು. ಸವಾರರು ಒಳಗೆ ಬಂದೊಡನೆ ಗೋಡೆಯ ಮೇಲಿರುವ ಚಾರ್ಲ್ಸ್ ಚಿತ್ರಕ್ಕೆ ಟೋಪಿ ತೆಗೆದು ವಂದಿಸುತ್ತಾರೆ. ನಾನು ಮೈಸೂರಿನವಳು. ಗರಡಿಗೆ ಇಳಿಯುವಾಗ ಪೈಲ್ವಾನರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಅದೇ ನೆನಪಾಯಿತು. ಮೈ ಜುಮ್ಮೆಂದಿತು.

ಮೊದಲ ಗುಂಪಿನಲ್ಲಿ ಬಂದವು ಬೂದು ಕುದುರೆಗಳು. ಲಿಪಿಝಾನ್ ಮರಿ ಹುಟ್ಟುವಾಗ ಕಪ್ಪೋ ಕಂದೋ ಇರುತ್ತದೆ. ಬೆಳ್ಳಗಾಗಲು ಆರರಿಂದ ಹತ್ತು ವರ್ಷ ಹಿಡಿಯುತ್ತದೆ. ಹಾಗಾಗಿ ಬಣ್ಣ ನೋಡಿಯೇ ಯಾವುದು ಎಳೆಯದು ಅಂತ ಹೇಳಬಹುದು. ಈ ಎಳೆಯ ಕುದುರೆಗಳು ಏನೂ ಮಾಡಲಿಲ್ಲ. ನೇರ ಗೆರೆಯಲ್ಲಿ ನಡೆದವು, ಟ್ರಾಟ್ ಅನ್ನುವ ನಿಧಾನದ ಓಟ ಓಡಿದವು, ಮೂಲೆಯಲ್ಲಿ ತಿರುಗಿದವು, ಕತ್ತು ಉದ್ದ ಚಾಚಿ ಉಸಿರು ಬಿಟ್ಟವು. ಅಷ್ಟೇ. ಇದಕ್ಕಾ ಇಷ್ಟು ದೂರ ಬಂದೆ ಅನ್ನಿಸಿ ನಾನು ಚಾವಣಿ ನೋಡುತ್ತಾ ಕೂತೆ. ಪಕ್ಕದಲ್ಲಿ ಗೆಳತಿ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದಳು.

ಆಮೇಲೆ ಬಿಳಿ ಕುದುರೆಗಳು ಬಂದವು. ಒಂದು ಕುದುರೆ ನನ್ನೆದುರೇ ಪಿಯಾಫ್ ಮಾಡಿತು. ನಿಂತ ಜಾಗದಲ್ಲೇ ಟ್ರಾಟ್, ಮುಂದೆ ಹೋಗುವುದೇ ಇಲ್ಲ. ಕತ್ತು ಬಿಲ್ಲಿನ ಹಾಗೆ ಬಾಗಿದೆ. ಮೂಗು ನೆಲಕ್ಕೆ ನೇರ. ಲಗಾಮು ಒಂದಿಷ್ಟೂ ಅಲುಗುತ್ತಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆ ಕತ್ತು ನನ್ನ ಧ್ರುವನಿಗೂ ಬರಬೇಕು ಅಂತ ಅಲ್ಲೇ ತೀರ್ಮಾನ ಮಾಡಿಕೊಂಡೆ.

ಇಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ನಾನು ನೋಡಿದ್ದು ಕುದುರೆಯ ಮುಂಭಾಗ ಮಾತ್ರ. ಕತ್ತು ಬಾಗಿದೆ, ಕತ್ತಿಗೆ ಹತ್ತಿರ ಇರುವುದು ಲಗಾಮು, ಹಾಗಾದರೆ ಬಾಗಿಸಿದ್ದು ಲಗಾಮೇ ಅಂದುಕೊಂಡೆ. ನಡೆದದ್ದು ಬೇರೆ. ಕೆಲಸ ಶುರುವಾಗುವುದು ಹಿಂಗಾಲಿನಲ್ಲಿ. ವರ್ಷಗಟ್ಟಲೆ ಪಳಗಿದ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ಜಾಸ್ತಿ ತರುತ್ತದೆ. ಹಿಂಗಾಲಿನ ಕೀಲುಗಳು ಮಡಿಯುತ್ತವೆ, ಪಿರ್ರೆ ತಗ್ಗುತ್ತದೆ, ಬೆನ್ನು ಮೇಲೇಳುತ್ತದೆ. ಭಾರ ಹಿಂದಕ್ಕೆ ಹೋದ ಮೇಲೆ ಭುಜ ಹಗುರವಾಗುತ್ತದೆ, ಕತ್ತು ತಾನಾಗಿ ಎದ್ದು ಬಾಗುತ್ತದೆ. ತಲೆ ಮೇಲೆ ತುಂಬಿದ ಬಿಂದಿಗೆ ಹೊತ್ತು ಬರುವ ಹೆಂಗಸನ್ನು ನೋಡಿದ್ದೀರಲ್ಲ. ಕತ್ತು ಎಷ್ಟು ಚೆಂದ ನೆಟ್ಟಗಿರುತ್ತದೆ! ಅದು ಬಂದದ್ದು ಸೊಂಟದಿಂದ, ಬೆನ್ನಿನಿಂದ, ಎಷ್ಟೋ ವರ್ಷದ ರೂಢಿಯಿಂದ. ಬೇರೊಬ್ಬರ ಗಲ್ಲ ಹಿಡಿದು ಒತ್ತಿದರೆ ಆ ನಡಿಗೆ ಬರುತ್ತದಾ?

ನಾನು ಮಾಡಿದ್ದು ಅದನ್ನೇ. ಗಲ್ಲ ಹಿಡಿದು ಒತ್ತಿದೆ. ವಾಪಸ್ ಬಂದ ವಾರವೇ ಲಗಾಮು ಗಿಡ್ಡ ಮಾಡಿ ಹಿಡಿದೆ. ಧ್ರುವನ ಮೂಗು ಒಳಗೆ ಬರುವ ತನಕ ಎಳೆಯುವುದು, ಬಂದಾಗ ಕನ್ನಡಿಯಲ್ಲಿ ನೋಡಿ ಖುಷಿಪಡುವುದು. ಅವನೋ ರೇಸ್ ಕುದುರೆ. ಟ್ರ್ಯಾಕ್‌ನಲ್ಲಿ ಜಾಕಿ ಲಗಾಮು ಬಿಗಿ ಹಿಡಿದಾಗ ಕಡಿವಾಣಕ್ಕೆ ಭಾರ ಬಿಟ್ಟು ಓಡಬೇಕು ಅಂತ ಕಲಿತವನು. ನಾನು ಎಳೆದಷ್ಟೂ ಅವನು ಒರಗಿದ. ಒರಗಿದಷ್ಟೂ ನಾನು ಇನ್ನೂ ಎಳೆದೆ. ಮೂಗು ಒಳಗೆ ಬಂತು ನಿಜ, ಆದರೆ ಕಿವಿಯ ಹಿಂದೆ ಮಡಿಯಬೇಕಾದ ಕತ್ತು ನಡುವಿನಲ್ಲಿ ಮುರಿದ ಹಾಗೆ ಮಡಿಯಿತು. ಬೆನ್ನು ಕುಸಿಯಿತು. ಹಿಂಗಾಲು ಹಿಂದೆ ಎಳೆದಾಡಿತು. ಅಂದರೆ ವಿಯೆನ್ನಾದಲ್ಲಿ ನೋಡಿದ್ದಕ್ಕೆ ಪೂರ್ತಿ ಉಲ್ಟಾ. ಹೊರಗಿನಿಂದ ಮಾತ್ರ ಫೋಟೋದಲ್ಲಿ ಅದೇ ಥರ ಕಾಣುತ್ತಿತ್ತು.

ಎರಡು ವಾರ ಆದ ಮೇಲೆ ಕೈ ನೋಯತೊಡಗಿತು. ಜೀನು ಇಡುವ ಕೋಣೆಯಲ್ಲಿ ಒಂದು ಜೊತೆ ಡ್ರಾ ರೇನ್ ನೇತುಹಾಕಿತ್ತು. ಹೊಟ್ಟೆಪಟ್ಟಿಯಿಂದ ಹೊರಟು ಕಡಿವಾಣದ ಬಳೆಯೊಳಗೆ ತೂರಿ ಸವಾರನ ಕೈಗೆ ಬರುವ ಲಗಾಮು ಅದು. ರಾಟೆಯ ಹಾಗೆ ಕೆಲಸ ಮಾಡುತ್ತದೆ. ಸಣ್ಣ ಎಳೆತಕ್ಕೂ ತಲೆ ಎದೆಯ ಹತ್ತಿರ ಬರುತ್ತದೆ. ಯಾರನ್ನೂ ಕೇಳದೆ ಅದನ್ನು ಹಾಕಿದೆ. ನಮ್ಮ ಗುರುಗಳು, ಸೈನ್ಯದ ಕುದುರೆ ಪಡೆಯ ರಿಟೈರ್ಡ್ ರಿಸಾಲ್ದಾರರು, ಆ ತಿಂಗಳು ಊರಿನಲ್ಲಿ ಇರಲಿಲ್ಲ.

ಧ್ರುವ ಹೇಳುತ್ತಲೇ ಇದ್ದ. ಬಾಲ ಬೀಸಿದ. ಹಲ್ಲು ಕಡಿದ. ಜೀನು ತೆಗೆದುಕೊಂಡು ಹೋದರೆ ಲಾಯದ ಮೂಲೆಗೆ ಸರಿಯುತ್ತಿದ್ದ. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬಂದ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಎರಡು ಸಲ ಹೇಳಿದರು, "ಮೇಡಂ, ಇವ ಮೊದಲಿನ ಹಾಗಿಲ್ಲ." ಗೆಳತಿಯೂ ಹೇಳಿದಳು, "ನಿನ್ನ ಮಾರನೇ ದಿನ ಹತ್ತಿದರೆ ಹಲಗೆ ಮೇಲೆ ಕೂತ ಹಾಗಿರುತ್ತೆ ಕಣೇ." ಹೊಸ ಪಾಠ, ಮೊದಮೊದಲು ಹಟ ಮಾಡುತ್ತಾನೆ ಅಂದೆ ನಾನು. ಡ್ರಾ ರೇನ್ ವಿಷಯ ಅವಳಿಗೆ ಹೇಳಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಅವಳ ಪಾಳಿ. ಧ್ರುವ ಕಡಿವಾಣ ಹಾಕಿಸಿಕೊಳ್ಳಲೇ ಇಲ್ಲ. ತಲೆ ಎತ್ತಿ ಗೋಡೆಗೆ ಒತ್ತಿ ನಿಂತ. ಅವಳು ಬಾಯಿ ತೆರೆದು ನೋಡಿದರೆ ಎರಡೂ ಮೂಲೆಯಲ್ಲಿ ಹಸಿ ಗಾಯ. ಡಾಕ್ಟರ್ ಬಂದು ಬೆನ್ನುಮೂಳೆಯ ಪಕ್ಕ ಬೆರಳೊತ್ತಿದರು. ಜೀನು ಕೂರುವ ಜಾಗಕ್ಕೆ ಬಂದಾಗ ಅವನ ಬೆನ್ನು ಪಟಕ್ಕನೆ ಕೆಳಗೆ ಹೋಯಿತು. ಅದನ್ನು ನಾನೇ ನಿಂತು ನೋಡಿದೆ. ಆರು ವಾರ ಯಾರೂ ಹತ್ತುವ ಹಾಗಿಲ್ಲ, ಆಮೇಲೆ ನೋಡೋಣ ಅಂದರು. ಸ್ಪರ್ಧೆಗೆ ಉಳಿದದ್ದು ನಾಲ್ಕು ವಾರ.

ಅವಳಿಗೆ ಅವತ್ತೇ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಧ್ರುವನ ಕತ್ತು ಸವರುತ್ತಾ ತುಂಬ ಹೊತ್ತು ನಿಂತಳು. ಆಮೇಲೆ ಆ ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟು, "ಓದು" ಅಂತ ಹೇಳಿ ಹೋದಳು. ವಿಯೆನ್ನಾದ ನಾಲ್ಕು ಪುಟ. ಬೂದು ಕುದುರೆಗಳ ಬಗ್ಗೆಯೇ ಮೂರು ಪುಟ. "ಹತ್ತು ನಿಮಿಷ ಉದ್ದ ಲಗಾಮಿನಲ್ಲಿ ನಡಿಗೆ." "ಪ್ರತಿ ಕೆಲಸದ ನಡುವೆ ಬಿಡುವು, ಕತ್ತು ಚಾಚಲು ಬಿಡುತ್ತಾರೆ." "ಬಿಳಿ ಕುದುರೆ ಒಂದು ಸಲ ಚೆನ್ನಾಗಿ ಮಾಡಿದ ತಕ್ಷಣ ನಿಲ್ಲಿಸಿದರು, ಕೋಟಿನ ಜೇಬಿನಿಂದ ಸಕ್ಕರೆ, ಸವಾರ ಇಳಿದ." "ಸವಾರರ ಕೈ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬಂದದ್ದು ನೋಡಲಿಲ್ಲ." ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು ನೋಡಿದ್ದೆವು. ಇದರಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ರಿಸಾಲ್ದಾರ್ ಸಾಹೇಬರು ಬಂದ ಮೇಲೆ ನನ್ನನ್ನು ಎರಡು ತಿಂಗಳು ಲಂಜ್ ಮೇಲೆ ಕೂರಿಸಿದರು. ಬೇರೆ ಕುದುರೆ, ಉದ್ದ ಹಗ್ಗದಲ್ಲಿ ಅವರು ತಿರುಗಿಸುತ್ತಾರೆ, ನನಗೆ ಲಗಾಮೂ ಇಲ್ಲ, ಕಾಲಿಡುವ ರಿಕಾಪೂ ಇಲ್ಲ. "ಕೈಯಿಂದ ಹಿಡಿಯೋದು ಮರೀಬೇಕಮ್ಮಾ, ಆಮೇಲೆ ಲಗಾಮು ಕೊಡ್ತೀನಿ" ಅಂದರು. ಆಗ ಗೊತ್ತಾಯಿತು, ವಿಯೆನ್ನಾದಲ್ಲೂ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಕೊಡುವುದು ಇದೇ ಪಾಠ. (ಹುಡುಗಿಯರನ್ನು ಸೇರಿಸಿಕೊಂಡದ್ದು 2008ರಿಂದ ಮಾತ್ರ.) ಕುದುರೆಗಳ ಲೆಕ್ಕವೂ ಹಾಗೇ. ಪೀಬರ್ ಅನ್ನುವ ಊರಿನಲ್ಲಿ ಹುಟ್ಟಿ ಬೆಳೆದ ಗಂಡು ಮರಿಗಳು ನಾಲ್ಕು ವರ್ಷದ ಹೊತ್ತಿಗೆ ವಿಯೆನ್ನಾಗೆ ಬರುತ್ತವೆ. ಮೊದಲ ವರ್ಷ ಸುಮ್ನೆ ಮುಂದೆ ನೇರ ನಡೆಯುವುದನ್ನು ಕಲಿಯುವುದು. ಪಿಯಾಫ್, ಹಿಂಗಾಲ ಮೇಲೆ ಕೂತು ಮುಂಗಾಲು ಎತ್ತುವ ಲೆವಾಡ್, ಗಾಳಿಯಲ್ಲಿ ಹಾರಿ ಹಿಂದಕ್ಕೆ ಒದೆಯುವ ಕ್ಯಾಪ್ರಿಯೋಲ್ ಎಲ್ಲ ಎಷ್ಟೋ ವರ್ಷ ಆದ ಮೇಲಿನ ಮಾತು. ನಾನು ಮಾತ್ರ ಏಳು ವಾರದಲ್ಲಿ ಆ ಕತ್ತು ಬೇಕು ಅಂತ ಹೊರಟಿದ್ದೆ.

ಧ್ರುವನ ಮೇಲೆ ಜೀನು ಮತ್ತೆ ಬಿದ್ದದ್ದು ಫೆಬ್ರವರಿಯಲ್ಲಿ. ಮೊದಲು ಹತ್ತಿದ್ದು ಅವಳು, ಅದೂ ನಡಿಗೆ ಮಾತ್ರ. ಆಮೇಲೆ ಸಾಹೇಬರು ನಡಿಗೆಯಲ್ಲೇ ಶೋಲ್ಡರ್-ಇನ್ ಮಾಡಿಸಿದರು. ಕುದುರೆಯ ಭುಜವನ್ನು ಗೋಡೆಯಿಂದ ಒಂದಿಷ್ಟು ಒಳಗೆ ತಂದು ಓರೆಯಾಗಿ ನಡೆಸುವುದು. ಒಳಗಿನ ಹಿಂಗಾಲು ಹೊಟ್ಟೆಯ ಕೆಳಗೆ ಬರಲೇಬೇಕಾಗುತ್ತದೆ. 18ನೇ ಶತಮಾನದಲ್ಲಿ ಫ್ರಾನ್ಸಿನ ಸವಾರಿ ಗುರು ಗೆರಿನಿಯೇರ್ ಹಾಕಿಕೊಟ್ಟ ಪಾಠ ಇದು, ವಿಯೆನ್ನಾದವರು ಇವತ್ತಿಗೂ ನಡೆಯುವುದು ಅವರ ದಾರಿಯಲ್ಲೇ. ನೋಡಲು ಏನೂ ಇಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಮೂರನೇ ವಾರ ಧ್ರುವ ಕತ್ತು ಇಳಿಸಿ ಫುರ್ ಅಂತ ಉಸಿರು ಬಿಟ್ಟ. ಗೆಳತಿ ಅವನ ಮೇಲೇ ಅತ್ತಳು. ಅವಳ ಸ್ಪರ್ಧೆ ಮಾತ್ರ ತಪ್ಪಿಯೇ ಹೋಯಿತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಅವಳಿಗೆ ಮತ್ತೆ ಅವಕಾಶ ಸಿಗಲು ಎರಡು ವರ್ಷ ಹಿಡಿಯಿತು. ಅದನ್ನು ನನ್ನಿಂದ ತೀರಿಸಲು ಆಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೆಳಗಿನ ತಾಲೀಮಿಗೇ ಹೋಗಿ. ದೊಡ್ಡ ಪ್ರದರ್ಶನ ಕಣ್ಣಿಗೆ ಹಬ್ಬ, ದುಡ್ಡಿದ್ದರೆ ಇನ್ನೊಂದು ದಿನ ಅದನ್ನೂ ನೋಡಿ. ಆದರೆ ಅಲ್ಲಿ ಕಾಣುವುದು ಮುಗಿದ ಕೆಲಸ. ತಾಲೀಮಿನಲ್ಲಿ ಕುದುರೆ ತಪ್ಪುವುದು, ಸವಾರ ಸುಮ್ಮನೆ ಮತ್ತೆ ನಡಿಗೆಗೆ ಬರುವುದು, ಮತ್ತೆ ಕೇಳುವುದು ಎಲ್ಲ ಕಾಣುತ್ತದೆ. ಹಾರಾಟ ಇರುತ್ತದೆ ಅಂತ ಕಾಯಬೇಡಿ, ಇಲ್ಲದೆಯೂ ಇರಬಹುದು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ, ಕೈಯಲ್ಲಿ ನೋಟ್‌ಬುಕ್ ಇರಲಿ. ಐದು ಜನ ಇದ್ದೀರಿ, ಹಂಚಿಕೊಳ್ಳಿ. ಒಬ್ಬರು ಹಿಂಗಾಲು ಮಾತ್ರ ನೋಡಿ. ಒಬ್ಬರು ಸವಾರರ ಕೈ. ಒಬ್ಬರು ಬಿಡುವು ಎಷ್ಟು ಸಲ ಕೊಡುತ್ತಾರೆ ಅಂತ ಎಣಿಸಿ. ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಳ್ಳಿ.

"ನಮ್ಮ ಕುದುರೆಗೆ ಏನು ಕಲಿಸಬಹುದು" ಅನ್ನುವ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಇಲ್ಲೇ ಬಿಟ್ಟು ಹೋಗಿ. ಒಂದು ವರ್ಷ, ಎರಡು ವರ್ಷ ಹತ್ತಿದ ನಮ್ಮಂಥವರು ಅಲ್ಲಿಂದ ಕುದುರೆಗೆ ಕಲಿಸುವಂಥದ್ದು ಏನನ್ನೂ ತರಲು ಆಗುವುದಿಲ್ಲ ಅನ್ನುವುದು ನನ್ನ ಖಂಡಿತವಾದ ಅಭಿಪ್ರಾಯ. ನೀವು ಕಲಿಯುವುದಕ್ಕೆ ಬೇಕಾದಷ್ಟಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸ್ಸಾಜ್ ತಂಡ ಚಿನ್ನ ಗೆದ್ದ ಮೇಲೆ ಲಾಯಗಳಲ್ಲಿ ಈ ಆಸೆ ಜಾಸ್ತಿಯಾಗಿದೆ, ನನಗೂ ತುಂಬ ಖುಷಿ. ಅದರ ಜೊತೆಗೇ ಎಳೆದು ಕಟ್ಟಿದ ಕತ್ತುಗಳೂ ನನ್ನ ಕಣ್ಣಿಗೆ ಬೀಳುತ್ತಿವೆ. ಅದಕ್ಕೇ ಇಷ್ಟುದ್ದ ಬರೆದೆ.

ಮತ್ತೆ, ಬೇಗ ಹೋಗಿ ಸೀಟು ಹಿಡಿಯಿರಿ. ಬೂದು ಕುದುರೆಗಳು ಬಂದಾಗ ಕಾಫಿಗೆ ಎದ್ದು ಹೋಗಬೇಡಿ. ವಾಪಸ್ ಬಂದ ಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಏನೇನಿದೆ ಅಂತ ಇಲ್ಲೇ ಬರೆಯಿರಿ, ಗೆಳತಿಗೂ ಓದಿಸುತ್ತೇನೆ.