ಎಂಜಿ ಟಿಸಿ ಮಾರಾಟದ ವಿಷಯ: ಮೊದಲು ಮಾರುವವರ ಹತ್ತಿರ ಮಾತಾಡಿ

ಸರ್, ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಹಳೇ ಕಾರುಗಳ ಕ್ಲಬ್ಬಿನ ಹಿರಿಯರೊಬ್ಬರು ತಮ್ಮ 1948ರ ಎಂಜಿ ಟಿಸಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು "ಪೂರ್ತಿ ಒರಿಜಿನಲ್, ನಂಬರ್ ಎಲ್ಲ ಮ್ಯಾಚಿಂಗ್" ಅಂತ ಹೊಸದಾಗಿ ಸೇರಿದ ಹುಡುಗನಿಗೆ ಮಾರಲು ಹೊರಟಿದ್ದಾರೆ. ಬಾಡಿ ಇಲ್ಲೇ ಕಟ್ಟಿಸಿದ್ದು, ಇಂಜಿನ್ ವೂಲ್ಸ್‌ಲಿ ಅನ್ನುವ ಬೇರೆ ಬ್ರಿಟಿಷ್ ಕಾರಿನದು ಅಂತ ನಿಮಗೆ ಗೊತ್ತು. ಬಾಯಿಬಿಟ್ಟರೆ ಸ್ನೇಹ ಕೆಡುತ್ತದೆ ಅನ್ನುವ ಭಯ. ಇಷ್ಟೇ ಅಲ್ವಾ? ಮೇಲೆ ಕೆಲವರು "ನಮಗ್ಯಾಕೆ ಬೇಕು, ಕೊಳ್ಳುವವನು ನೋಡಿಕೊಳ್ಳಲಿ" ಅಂದಿದ್ದಾರೆ. ನಾನು ಒಪ್ಪುವುದಿಲ್ಲ.

ಹೇಳಲೇಬೇಕು. ಆದರೆ ಮೊದಲು ಹುಡುಗನಿಗಲ್ಲ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮಾರುವವರ ಮನೆಗೆ ಹೋಗಿ, ಗಾಡಿ ಪಕ್ಕದಲ್ಲೇ ನಿಂತು ಮಾತಾಡಿ. ಅವರೂ ಯಾರದೋ ಮಾತು ನಂಬಿ ಕೊಂಡಿರಬಹುದು, ಈ ಹವ್ಯಾಸದಲ್ಲಿ ಇದು ತುಂಬಾ ಸಾಮಾನ್ಯ. "ಸರ್, ಇಂಜಿನ್ ಮತ್ತು ಬಾಡಿ ವಿಷಯ ಒಂದು ಹಾಳೆಯಲ್ಲಿ ಬರೆದು ಅವನಿಗೆ ಕೊಟ್ಟುಬಿಡಿ, ಆಮೇಲೆ ರೇಟು ನಿಮ್ಮಿಬ್ಬರಿಗೆ ಬಿಟ್ಟದ್ದು" ಅನ್ನಿ. ಒಪ್ಪಿದರೆ ಮುಗಿಯಿತು. ಒಪ್ಪದಿದ್ದರೆ "ಹಾಗಾದರೆ ನಾನೇ ಅವನಿಗೆ ಹೇಳುತ್ತೇನೆ" ಅಂತ ಅವರ ಮುಖಕ್ಕೇ ಹೇಳಿ, ಹಾಗೇ ಮಾಡಿ. ಬೆನ್ನ ಹಿಂದೆ ಹೋಗಿ ಹೇಳಿದರೆ ಮಾತ್ರ ಸ್ನೇಹ ನಿಜವಾಗಿ ಕೆಡುತ್ತದೆ.

ಹೋಗುವ ಮುಂಚೆ ನಿಮ್ಮ ಮಾತಿಗೆ ಆಧಾರ ಇರಲಿ, ಸುಮ್ನೆ ಅನುಮಾನ ಹಿಡಿದುಕೊಂಡು ಹೋಗಬೇಡಿ. ಟಿಸಿ ಇಂಜಿನ್ನಿನ ಮಾದರಿ ಎಕ್ಸ್‌ಪಿಎಜಿ, 1250 ಸಿಸಿ. ವೂಲ್ಸ್‌ಲಿ 4/44ರದ್ದು ಎಕ್ಸ್‌ಪಿಎಡಬ್ಲ್ಯೂ, ಅದೂ 1250 ಸಿಸಿ, ಅದೇ ಕುಟುಂಬದ್ದು. ಟಿಸಿಯಲ್ಲಿರುವ ಹಾಗೆ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ ಕೂರಿಸಿಬಿಟ್ಟರೆ ಬಾನೆಟ್ ತೆಗೆದು ನೋಡಿದ ಹೊಸಬನಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ವೂಲ್ಸ್‌ಲಿ ಬಂದಿದ್ದೇ 1952ರಲ್ಲಿ, 1948ರ ಗಾಡಿಯಲ್ಲಿ ಫ್ಯಾಕ್ಟರಿಯವರು ಅದನ್ನು ಹೇಗೆ ಹಾಕಿರುತ್ತಾರೆ? ಇಂಜಿನ್ ಮೇಲಿನ ಎಂಟು ಮೂಲೆಯ ಹಿತ್ತಾಳೆ ನಂಬರ್ ಪ್ಲೇಟು ಒಂದನ್ನೇ ನಂಬಬೇಡಿ, ಹೊಸದಾಗಿ ಮಾಡಿದ ಪ್ಲೇಟುಗಳು ಮಾರಾಟಕ್ಕೇ ಸಿಗುತ್ತವೆ. ರಿವೆಟ್ ಹೊಸದೇ ಹಳೆಯದೇ ನೋಡಿ. ಚಾಸಿ ನಂಬರ್ ಚಾಸಿಯ ಮುಂದಿನ ಎಡ ತುದಿಯಲ್ಲಿ ಕೆತ್ತಿರುತ್ತದೆ, ಪೇಂಟ್ ದಪ್ಪ ಇದ್ದರೆ ಟಾರ್ಚ್ ಹಾಕಿ ಹುಡುಕಬೇಕು. ಇನ್ನೊಂದು, ಟಿಸಿಯಲ್ಲಿ ಚಾಸಿ ನಂಬರೂ ಇಂಜಿನ್ ನಂಬರೂ ಒಂದೇ ಇರುವುದಿಲ್ಲ. ಮ್ಯಾಚಿಂಗ್ ಅಂದರೆ ಆ ಚಾಸಿಗೆ ಫ್ಯಾಕ್ಟರಿಯಲ್ಲಿ ಹಾಕಿದ ಅದೇ ಇಂಜಿನ್ ಇದೆ ಅಂತ. ಇಂಗ್ಲೆಂಡಿನ ಎಂಜಿ ಕಾರ್ ಕ್ಲಬ್ 1930ರಿಂದ ಇದೆ, ಅದರಲ್ಲಿ ಟಿಸಿಯಂಥ ಟಿ ಸರಣಿ ಕಾರುಗಳನ್ನು ನೋಡಿಕೊಳ್ಳುವ ಟಿ ರಿಜಿಸ್ಟರ್‌ನವರಿಗೆ ಬರೆದು ಕೇಳಿ ನೋಡಬಹುದು. ಬಾಡಿ ಚೌಕಟ್ಟು ಮೂಲದಲ್ಲಿ ಆ್ಯಶ್ ಮರದ್ದು. ಒಳಗೆ ತೇಗ ಕಂಡರೆ ಇಲ್ಲಿನ ಬಡಗಿಯ ಕೆಲಸ. ಅದು ಕೆಟ್ಟ ಕೆಲಸ ಅಂತಲ್ಲ, ಬರೆದು ತಿಳಿಸಬೇಕು ಅಷ್ಟೇ.

ಗಾಡಿಯನ್ನು ಹೊಸದಾಗಿ ಕಟ್ಟಿದರೆ ಬೆಲೆಯೇ ಇಲ್ಲ ಅಂತ ಯಾರೂ ತಿಳಿಯಬೇಡಿ. ಬೆಂಟ್ಲಿಯ ಓಲ್ಡ್ ನಂಬರ್ ಒನ್ ಕಥೆ ಕೆಲವರಿಗೆ ಗೊತ್ತಿರಬಹುದು. 1929 ಮತ್ತು 1930, ಎರಡೂ ವರ್ಷ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಸ್ಪೀಡ್ ಸಿಕ್ಸ್ ಮಾದರಿಯ ಕಾರು ಅದು. ಆಮೇಲೆ ಇಂಜಿನ್ ಬದಲಾಯಿತು, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ದೊಡ್ಡ ಅಪಘಾತ ಆಯಿತು, ಬಾಡಿಯೂ ಬದಲಾಯಿತು. 1 ಕೋಟಿ ಪೌಂಡಿಗೆ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವರು "ಇದು ಆ ಕಾರೇ ಅಲ್ಲ" ಅಂತ ಹಿಂದೆ ಸರಿದರು. 1990ರಲ್ಲಿ ಲಂಡನ್ ಕೋರ್ಟು ಇದು ಅಸಲಿ ಓಲ್ಡ್ ನಂಬರ್ ಒನ್ ಹೌದು ಅಂತ ತೀರ್ಪು ಕೊಟ್ಟಿತು. 1929ರ ಭಾಗಗಳು ಅದರಲ್ಲಿ ತೀರಾ ಕಡಿಮೆ. ಆದರೆ ಗಾಡಿಯ ಚರಿತ್ರೆ ಎಲ್ಲೂ ತುಂಡಾಗಿರಲಿಲ್ಲ, ಯಾವಾಗ ಏನು ಬದಲಾಯಿತು ಅಂತ ತೋರಿಸಲು ಆಗುತ್ತಿತ್ತು. ನಿಮ್ಮ ಹಿರಿಯರಿಗೆ ಇದನ್ನೇ ಹೇಳಿ. ಕಟ್ಟಿಸಿದ ಬಿಲ್ಲು, ಫೋಟೋ ಜೊತೆಗಿಟ್ಟರೆ ಅವರ ಗಾಡಿಗೂ ಮರ್ಯಾದೆ.

ಹುಡುಗನಿಗೆ ಬರೀ ದುಡ್ಡಿನ ನಷ್ಟ ಅಲ್ಲ. ಕೇಂದ್ರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ವಿಎ ಸರಣಿಯ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಆದರೆ ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಅನ್ನುವ ಷರತ್ತಿದೆ. ಒರಿಜಿನಲ್ ಅಂತ ನಂಬಿ ಅರ್ಜಿ ಹಾಕಿ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ಅವನು. ಆಗ ಕ್ಲಬ್ಬಿನವರು ಯಾರೂ ಜೊತೆಗೆ ನಿಲ್ಲುವುದಿಲ್ಲ, ನೋಡ್ತಾ ಇರಿ.

ಕ್ಲಬ್ಬಿಗೂ ಒಂದು ಪದ್ಧತಿ ಮಾಡಿಕೊಳ್ಳಿ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ 1934ರಲ್ಲಿ ಶುರುವಾಯಿತು. ಅಲ್ಲಿ ಸ್ಪರ್ಧೆಗೆ ಬರುವ ಗಾಡಿಗೆ ಬಫ್ ಫಾರ್ಮ್ ಅಂತ ಒಂದು ದಾಖಲೆ ಬೇಕು, ಗಾಡಿಯಲ್ಲಿ ಏನೇನಿದೆ ಅನ್ನುವುದು ಅದರಲ್ಲಿರುತ್ತದೆ. ನಿಮಗೆ ಅಷ್ಟು ಬೇಡ, ಪ್ರತಿ ಗಾಡಿಗೆ ಒಂದು ಹಾಳೆ ಸಾಕು. ಎಲ್ಲರ ಗಾಡಿಗೂ ಮಾಡಿ, ಅಧ್ಯಕ್ಷರದ್ದೇ ಮೊದಲು. ಆಗ ಒಬ್ಬರ ಮೇಲೆ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ.

ಸ್ನೇಹದ ಮಾತು. ಟಿಸಿ ಇಟ್ಟವರಿಗೆ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ಪಾನಾ ಬೇಕು, ಅದು ಊರಲ್ಲಿ ಒಬ್ಬರ ಹತ್ತಿರ ಇರುತ್ತದೆ, ಬೇರೆಯವರೆಲ್ಲ ಕೇಳಿ ತರುತ್ತಾರೆ. ಕಾರ್ಬುರೇಟರ್ ಸೂಜಿ, 19 ಇಂಚಿನ ಟೈರು, ನಂಬಿಕೆಯ ಟಿಂಕರಿಂಗ್ ಮೇಸ್ತ್ರಿಯ ನಂಬರು, ಎಲ್ಲ ಹೀಗೇ ಕೈ ಬದಲಾಗುವುದು. ಆ ಹುಡುಗ ನಾಳೆ ಮೋಸ ಗೊತ್ತಾಗಿ ಗಾಡಿ ಮಾರಿ ಹೋದರೆ, ನಿಮಗೆಲ್ಲ ಗೊತ್ತಿತ್ತು ಅಂತ ಹತ್ತು ಕಡೆ ಹೇಳುತ್ತಾನೆ. ಹೇಳಲಿ ಬಿಡಿ ಅನ್ನಲು ಆಗುತ್ತಾ?

ಇಂಜಿನ್ ಪ್ಲೇಟು ಮತ್ತು ಚಾಸಿ ತುದಿಯ ಫೋಟೋ ಇದ್ದರೆ ನನಗೆ ಬೇರೆಯಾಗಿ ಕಳಿಸಿ, ನೋಡಿ ಹೇಳುತ್ತೇನೆ. ಇಲ್ಲಿ ಹಾಕಬೇಡಿ, ಅವರೂ ಈ ಗುಂಪಿನಲ್ಲಿ ಇರಬಹುದು.