ಓದೋಕೆ ಕೂತ 10 ನಿಮಿಷಕ್ಕೆ ಕೈ ಫೋನಿಗೆ ಹೋಗ್ತದೆ. ಡೋಪಮೈನ್ ಡಿಟಾಕ್ಸ್ ಮಾಡಿದ್ರೆ ಸರಿ ಹೋಗ್ತದಾ?

ಎಂಎಸ್ಸಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮ್ ಹಿಡಿದು ಎರಡು ವರ್ಷ ಎಫ್‌ಡಿಎ, ಪಿಎಸ್‌ಐ ಅಂತ ಓದಿದವನು ನಾನು. (ಆಗಲಿಲ್ಲ. ಈಗ ಗದಗ ಕಡೆ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳ್ತೇನೆ.) ಆ 10 ನಿಮಿಷದ ಸಂಕಟ ಚೆನ್ನಾಗಿ ಗೊತ್ತು.

ಡೋಪಮೈನ್ ಅಂದರೆ ಮಿದುಳಿನ ನರಕೋಶಗಳು ಸುದ್ದಿ ಸಾಗಿಸೋಕೆ ಬಳಸೋ ಒಂದು ರಾಸಾಯನಿಕ. ಕೆಲ ದಿನ ಫೋನು, ರೀಲ್ಸು ಎಲ್ಲ ಬಿಟ್ಟು ಕೂರೋದಕ್ಕೆ ಡಿಟಾಕ್ಸ್ ಅಂತಾರೆ. ಆದರೆ ಡೋಪಮೈನ್ ಹಂಗೆ ಉಪವಾಸ ಮಾಡಿ ತೊಳೆಯೋ ಕೊಳೆ ಅಲ್ಲ. ಅದನ್ನು ತಯಾರಿಸೋ ನರಕೋಶಗಳು ಸಾಯ್ತಾ ಹೋದರೆ ಬರೋದೇ ಪಾರ್ಕಿನ್ಸನ್ ಕಾಯಿಲೆ. ಎದ್ದು ನಡೆಯೋದೂ ಕಷ್ಟ.

ಅದು ಖುಷಿಯ ರಾಸಾಯನಿಕ ಅನ್ನೋದೂ ಪೂರ್ತಿ ನಿಜವಲ್ಲ. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಬಾಯಿಗೆ ಹಣ್ಣಿನ ರಸ ಬಿಟ್ಟು ಈ ಡೋಪಮೈನ್ ಕೋಶಗಳ ಮಿಡಿತ ಅಳೆದರು. ಮೊದಮೊದಲು ರಸ ಬಿದ್ದಾಗ ಮಿಡಿದವು. ದೀಪ ಹತ್ತಿದರೆ ರಸ ಬರ್ತದೆ ಅಂತ ಮಂಗಕ್ಕೆ ರೂಢಿಯಾದ ಮೇಲೆ ದೀಪಕ್ಕೇ ಮಿಡಿದವು, ರಸಕ್ಕೆ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ, ಮಾಮೂಲಿಗಿಂತ ತಗ್ಗಿದವು. ಲೈನ್ ಬಜಾರಿನಲ್ಲಿ ಪೇಡೆ ವಾಸನೆಗೇ ಕಾಲು ತಿರುಗಿ, ಹೋಗಿ ನೋಡಿದರೆ ‘ಖಾಲಿ ಆಗ್ಯಾವ’ ಅಂದಾಗ ಆಗೋ ಬ್ಯಾಸರ ಇದೆಯಲ್ಲ, ಹಂಗೆ.

ಬಯಕೆ ಬೇರೆ, ರುಚಿ ಬೇರೆ. ಡೋಪಮೈನ್ ಕಳೆದುಕೊಂಡ ಇಲಿಗಳ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಚಪ್ಪರಿಸ್ತವೆ. ಮುಂದಿಟ್ಟ ತಿನಿಸಿನ ಹತ್ತಿರ ಮಾತ್ರ ತಾವಾಗಿ ಹೋಗೋದಿಲ್ಲ. ಫೋನಿನದು ಇದರ ಉಲ್ಟಾ: ಸುಖ ಚೂರು, ಎಳೆತ ಬೆಟ್ಟದಷ್ಟು. ಸಿಗ್ತದೋ ಇಲ್ಲವೋ ಅನ್ನೋದೇ ಎಳೆಯೋದು. ‘ನೇಮಕಾತಿ ನೋಟಿಫಿಕೇಶನ್ ಬಂತೇನಲೇ?’ ಅಂತ ದಿನಕ್ಕೆ 40 ಸಲ ಟೆಲಿಗ್ರಾಮ್ ತೆಗೀತಿದ್ದೆವು. ಒಮ್ಮೆ ನಿಜಕ್ಕೂ ಬಂದಿತ್ತು. ಆ ಒಂದಕ್ಕೆ ಮುಂದಿನ ಎರಡು ತಿಂಗಳು ಬೆರಳು ಸುಮ್ಮನಿರಲಿಲ್ಲ. ಪುಸ್ತಕದ ಫಲವೋ, ವರ್ಷದಾಚೆ.

ನನಗೆ ಉಪಯೋಗಕ್ಕೆ ಬಂದದ್ದು ಹಳೇ ಪ್ರಶ್ನೆಪತ್ರಿಕೆ. ಉತ್ತರ ಮೊದಲು ಊಹಿಸಿ ಬರೆಯೋದು, ಕೂಡಲೇ ತಾಳೆ ನೋಡೋದು. ಸರಿಯೋ ತಪ್ಪೋ ಅನ್ನೋ ಕುತೂಹಲ, ಅದೂ ಒಂದೇ ನಿಮಿಷಕ್ಕೆ ತೀರೋದು. ಬರೀ ಓದ್ತಾ ಹೋದರೆ ಅದು ಹುಟ್ಟೋದೇ ಇಲ್ಲ. ಜೊತೆಗೆ ಬೆಳಿಗ್ಗೆ ಫೋನನ್ನು ಖಾನಾವಳಿಯ ಅಕ್ಕನ ಕೈಗೆ ಕೊಟ್ಟು ಬರ್ತಿದ್ದೆ. ಮೊದಲ ದಿನವೇ ಒಂದು ತಾಸಿಗೆ ವಾಪಸ್ ಕೇಳಾಕ ಹೋದೆ. ‘ರೊಟ್ಟಿ ಉಣ್ಣಾಕ ಬಂದಾಗ ತಗೋಪಾ’ ಅಂದು ಹಿಟ್ಟು ನಾದತೊಡಗಿದಳು.