ಟಿವಿ, ಡಿಶ್ ಬಾಕ್ಸ್, ಟೇಪ್ ಡೆಕ್, ರೆಕಾರ್ಡ್ ಪ್ಲೇಯರ್: ಎಲ್ಲಕ್ಕೂ ಸೇರಿ ಯಾವ ಆಂಪ್ಲಿಫೈಯರ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಸಾಗರದ ಹತ್ತಿರ ಹಂಚಿನ ಮನೆ, ಜಗಲಿಯಲ್ಲಿ ಟಿವಿ. ಜೊತೆಗೆ ಡಿಶ್ ಬಾಕ್ಸ್, ಫೈರ್ ಸ್ಟಿಕ್, ಹಳೇ ಡಿವಿಡಿ ಪ್ಲೇಯರ್, ಅಪ್ಪನ ಟೇಪ್ ಡೆಕ್ ಮತ್ತು ಯಕ್ಷಗಾನದ ಕ್ಯಾಸೆಟ್ಟುಗಳು, ಈಚೆಗೆ ತಂದ ರೆಕಾರ್ಡ್ ಪ್ಲೇಯರ್, ಮೇಲಿಂದ ಎಲ್ಲರ ಫೋನು. ಸ್ಪೀಕರ್ ಸೇರಿ ಬಜೆಟ್ 30 ಸಾವಿರ. ಅಂಗಡಿಯವರು 5.1 ರಿಸೀವರ್, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ ಆಗುವ ಆಂಪ್ಲಿಫೈಯರ್, ತಗೊಳ್ಳಿ ಅಂದಿದ್ದಾರೆ. ದೇವರಕಾರ್ಯಕ್ಕೆ ತಂದ ಮೈಕ್‌ಸೆಟ್ಟಿನ ಆಂಪ್ಲಿಫೈಯರ್ ಮನೆಯಲ್ಲೇ ಇದೆ, ಅದೇ ಸಾಕಾ ಅಂತಲೂ ಕೇಳಿದ್ದೀರಿ.

ನಾನಾಗಿದ್ದರೆ ಎರಡು ಚಾನೆಲ್ಲಿನ ಸ್ಟೀರಿಯೊ ಆಂಪ್ಲಿಫೈಯರ್ ತಗೊಳ್ಳುತ್ತಿದ್ದೆ. ಅದರ ಹಿಂದೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಸಾಕೆಟ್ ಒಂದು, ಕೆಂಪು-ಬಿಳಿ ಆರ್‌ಸಿಎ ಜೋಡಿ ಎರಡು, ಒಳಗೆ ಬ್ಲೂಟೂತ್. ಇಷ್ಟಿದ್ದರೆ ನಿಮ್ಮ ಮನೆಯ ಅಷ್ಟೂ ಸಾಮಾನು ಸೇರಿಕೊಳ್ಳುತ್ತದೆ. ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಹಾಕುತ್ತಿದ್ದೆ.

ನಾನು ತೀರ್ಥಹಳ್ಳಿ ಕಡೆಯವನು. ನೆಂಟರಿಷ್ಟರ ಮನೆಯಲ್ಲಿ ಹೊಸ ಟಿವಿ ಬಂತು ಅಂದರೆ ವೈರು ಜೋಡಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಎಲ್ಲ ಕಡೆಯೂ ಮೊದಲು ಕೇಳುವುದು "ಎಷ್ಟು ವ್ಯಾಟ್ ತಗೊಳ್ಳೋದು" ಅಂತ. ಟಿವಿ ಹಿಂದೆ ಯಾವ ಯಾವ ಸಾಕೆಟ್ ಇದೆ ಅಂತ ಮಾತ್ರ ಯಾರೂ ನೋಡಿರುವುದಿಲ್ಲ.

ಏಳು ಸಾಮಾನು ಇದೆ ಅಂದ ಮಾತ್ರಕ್ಕೆ ಆಂಪ್ಲಿಫೈಯರಿಗೆ ಏಳು ಸಾಕೆಟ್ ಬೇಕಿಲ್ಲ. ಡಿಶ್ ಬಾಕ್ಸ್, ಫೈರ್ ಸ್ಟಿಕ್, ಡಿವಿಡಿ ಇವುಗಳಿಗೆ ಚಿತ್ರ ಇದೆ. ಹೇಗಿದ್ದರೂ ಟಿವಿಗೆ ಹೋಗಲೇಬೇಕು, ಹೋಗಲಿ. ಅಲ್ಲಿಂದ ಎಲ್ಲದರ ಸದ್ದೂ ಒಂದೇ ಕೇಬಲ್ಲಿನಲ್ಲಿ ಆಂಪ್ಲಿಫೈಯರಿಗೆ ಬರುತ್ತದೆ. ಇನ್ನುಳಿದಿದ್ದು ಟೇಪ್ ಡೆಕ್, ರೆಕಾರ್ಡ್ ಪ್ಲೇಯರ್, ಫೋನು. ಮೊದಲಿನ ಎರಡಕ್ಕೆ ಒಂದೊಂದು ಆರ್‌ಸಿಎ ಜೋಡಿ, ಫೋನಿಗೆ ಬ್ಲೂಟೂತ್. ಹಳೇ ಡಿವಿಡಿಯ ಕೆಂಪು-ಬಿಳಿ-ಹಳದಿ ವೈರು ಹಾಕಲು ಈಗಿನ ಎಷ್ಟೋ ಟಿವಿಗಳಲ್ಲಿ ಮೂರು ತೂತು ಇರುವುದಿಲ್ಲ, ಎವಿ ಅಂತ ಬರೆದ ಒಂದೇ ಸಣ್ಣ ತೂತು ಇರುತ್ತದೆ. ಟಿವಿ ಡಬ್ಬದಲ್ಲಿ ಅದಕ್ಕೊಂದು ಗಿಡ್ಡ ಅಡಾಪ್ಟರ್ ವೈರು ಬಂದಿರಬಹುದು, ಹುಡುಕಿ.

ಈಗ ಆ ಒಂದು ಕೇಬಲ್ಲಿನ ವಿಷಯ. ಎಆರ್‌ಸಿ ಅನ್ನುವುದು 2009ರ ಎಚ್‌ಡಿಎಂಐ 1.4ರ ಜೊತೆ ಬಂದಿದ್ದು. ಟಿವಿಯೊಳಗಿನ ಸದ್ದನ್ನು ಅದೇ ಎಚ್‌ಡಿಎಂಐ ತಂತಿಯಲ್ಲಿ ವಾಪಸ್ ಹೊರಗೆ ಕಳಿಸುತ್ತದೆ. ಟಿವಿಯ ಎಲ್ಲ ಎಚ್‌ಡಿಎಂಐ ತೂತಿನಲ್ಲೂ ಇದು ಆಗುವುದಿಲ್ಲ. ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಸಣ್ಣಗೆ ಎಆರ್‌ಸಿ ಅಂತ ಬರೆದಿರುತ್ತದೆ. ಡಿಶ್ ಬಾಕ್ಸ್ ಹಾಕಲು ಬಂದವರು ಅದೇ ತೂತಿಗೆ ಡಿಶ್ ವೈರು ಚುಚ್ಚಿ ಹೋಗಿದ್ದನ್ನು ಸುಮಾರು ಕಡೆ ನೋಡಿದ್ದೇನೆ. ಸೆಟ್ಟಿಂಗಿನಲ್ಲಿ ಸಿಇಸಿ (ಒಂದು ಸಾಮಾನಿನ ರಿಮೋಟಿಗೆ ಇನ್ನೊಂದು ಓಗೊಡುವ ವ್ಯವಸ್ಥೆ) ಆನ್ ಮಾಡಿದರೆ ಟಿವಿ ರಿಮೋಟಿನಲ್ಲೇ ಆಂಪ್ಲಿಫೈಯರಿನ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದೇ ಕಾರಣಕ್ಕೆ ಎಆರ್‌ಸಿ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ. 2017ರ ಎಚ್‌ಡಿಎಂಐ 2.1ರ ಜೊತೆ ಇಎಆರ್‌ಸಿ ಅಂತ ಇನ್ನೊಂದು ಬಂತು, ಜಾಸ್ತಿ ಚಾನೆಲ್ಲಿನ ಸದ್ದು ಕಳಿಸಲು. ಎರಡು ಸ್ಪೀಕರಿಗೆ ಅದರ ಅಗತ್ಯ ಇಲ್ಲ, ಅದಕ್ಕಂತ ದುಡ್ಡು ಜಾಸ್ತಿ ಕೊಡಬೇಡಿ.

ಎಆರ್‌ಸಿ ಸಿಗದಿದ್ದರೆ ಆಪ್ಟಿಕಲ್, ಅಂದರೆ ಸದ್ದನ್ನು ಬೆಳಕಿನ ರೂಪದಲ್ಲಿ ಒಯ್ಯುವ ಕೇಬಲ್. ಸದ್ದಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ವಾಲ್ಯೂಮಿಗೆ ಸಾಮಾನ್ಯವಾಗಿ ಆಂಪ್ಲಿಫೈಯರಿನ ರಿಮೋಟೇ ಬೇಕು. ಆಪ್ಟಿಕಲ್ ಜೋಡಿಸಿದ ಮೇಲೆ ಯೂಟ್ಯೂಬಿಗೆ ಸದ್ದು ಬರುತ್ತದೆ, ಯಾವುದೋ ಸಿನಿಮಾ ಹಾಕಿದರೆ ಪೂರ್ತಿ ನಿಶ್ಶಬ್ದ. ಆಗ ಆಂಪ್ಲಿಫೈಯರ್ ಹಾಳಾಗಿದೆ ಅಂತ ಡಬ್ಬಕ್ಕೆ ತುಂಬಿ ವಾಪಸ್ ಕಳಿಸಬೇಡಿ. ಟಿವಿ ಡಾಲ್ಬಿ ರೂಪದಲ್ಲಿ ಸದ್ದು ಕಳಿಸುತ್ತಿರುತ್ತದೆ, ಸ್ಟೀರಿಯೊ ಆಂಪ್ಲಿಫೈಯರಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಅನ್ನುವುದನ್ನು ಆಟೋದಿಂದ ಪಿಸಿಎಂಗೆ (ಸ್ಟೀರಿಯೊ ಆಂಪ್ಲಿಫೈಯರಿಗೆ ಅರ್ಥವಾಗುವ ಸಾದಾ ಡಿಜಿಟಲ್ ರೂಪ) ಬದಲಾಯಿಸಿ. ಅಷ್ಟೇ.

ಟೇಪ್ ಡೆಕ್ಕಿನದು ಏನೂ ತಲೆನೋವಿಲ್ಲ. ಅದರ ಲೈನ್ ಔಟ್‌ನಿಂದ ಆಂಪ್ಲಿಫೈಯರಿನ ಆಕ್ಸ್ ಅಂತ ಬರೆದ ಮಾಮೂಲಿ ಆರ್‌ಸಿಎ ಜೋಡಿಗೆ ಹಾಕಿ, ಮುಗಿಯಿತು. ಬೂಷ್ಟು ಹಿಡಿದ ಕ್ಯಾಸೆಟ್ ಮಾತ್ರ ಹಾಗೇ ಹಾಕಬೇಡಿ, ಹೆಡ್ಡಿಗೆಲ್ಲ ಮೆತ್ತಿಕೊಳ್ಳುತ್ತದೆ.

ರೆಕಾರ್ಡ್ ಪ್ಲೇಯರಿನ ಕತೆ ಬೇರೆ. ಅದರ ಸೂಜಿಯಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಸಿಡಿ ಪ್ಲೇಯರಿನಿಂದ ಬರುವುದು ಹತ್ತಿರ ಹತ್ತಿರ 2 ವೋಲ್ಟ್. ಸುಮಾರು 400 ಪಟ್ಟು ಕಡಿಮೆ. ಅದೂ ಅಲ್ಲದೆ, ರೆಕಾರ್ಡ್ ಮಾಡುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಕೇಳುವಾಗ ಅದನ್ನು ಸರಿಮಾಡಬೇಕು. ಈ ಎರಡೂ ಕೆಲಸಕ್ಕೆ ಫೋನೋ ಪ್ರಿ-ಆಂಪ್ ಬೇಕು. ಆಂಪ್ಲಿಫೈಯರಿನಲ್ಲಿ ಫೋನೋ ಅಂತ ಪ್ರತ್ಯೇಕ ಸಾಕೆಟ್ ಇದ್ದರೆ ಅದು ಒಳಗೇ ಇದೆ ಅಂತ. ನಿಮ್ಮ ಪ್ಲೇಯರಿನ ಹಿಂದೆ ಫೋನೋ-ಲೈನ್ ಅಂತ ಸಣ್ಣ ಸ್ವಿಚ್ ಇದ್ದರೆ ಅದರಲ್ಲೇ ಇದೆ, ಲೈನಿಗೆ ತಳ್ಳಿ ಮಾಮೂಲಿ ಸಾಕೆಟ್ಟಿಗೆ ಹಾಕಬಹುದು. ಎರಡೂ ಕಡೆ ಪ್ರಿ-ಆಂಪ್ ಓಡಿಸಿದರೆ ಸದ್ದು ಒಡೆದು ಕರ್ಕಶ ಆಗುತ್ತದೆ. ಎಲ್ಲೂ ಇಲ್ಲದಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳುತ್ತದೆ. ಅದಕ್ಕೇ ಮಾಡೆಲ್ ಹೆಸರು ನಂಬಿ ಆರ್ಡರ್ ಮಾಡಬೇಡಿ, ಹಿಂಬದಿಯ ಫೋಟೊ ನೋಡಿ. ಯಮಹಾದ ಎ-ಎಸ್201ರಲ್ಲಿ ಫೋನೋ ಇದೆ, ಆಪ್ಟಿಕಲ್ ಇಲ್ಲ. ಎ-ಎಸ್301ರಲ್ಲಿ ಎರಡೂ ಇವೆ. ವೀಮ್ ಆಂಪ್‌ನಲ್ಲಿ ಎಆರ್‌ಸಿ, ಆಪ್ಟಿಕಲ್ ಎರಡೂ ಇದ್ದರೂ ಆರ್‌ಸಿಎ ಇನ್‌ಪುಟ್ ಒಂದೇ ಜೋಡಿ. ಹಾಗಾದರೆ ನಿಮ್ಮ ಟೇಪಿಗೂ ರೆಕಾರ್ಡಿಗೂ ನಡುವೆ ಒಂದು ಸೆಲೆಕ್ಟರ್ ಸ್ವಿಚ್ ಬೇಕಾಗುತ್ತದೆ.

ವ್ಯಾಟ್ ವಿಚಾರ. ಪಿಎಂಪಿಒ (ಕ್ಷಣಮಾತ್ರದ ಉಬ್ಬಿಸಿದ ಲೆಕ್ಕ) ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದಲೇಬೇಡಿ. ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡುವ ವ್ಯಾಟ್, ನೋಡಿ. ಸಾಮಾನ್ಯ ಸ್ಪೀಕರ್ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 86-88 ಡೆಸಿಬೆಲ್ ಸದ್ದು ಮಾಡುತ್ತದೆ. ಅಂದರೆ ಸಂಜೆ ಟಿವಿ ನೋಡುವಾಗ ನೀವು ಬಳಸುವುದು ಒಂದು ವ್ಯಾಟೂ ಅಲ್ಲ. ವ್ಯಾಟ್ ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. 50ರ ಬದಲು 100 ವ್ಯಾಟ್ ತಂದರೆ ಸದ್ದು ಎರಡು ಪಟ್ಟು ಅನ್ನಿಸುವುದಿಲ್ಲ, ಸ್ವಲ್ಪ ಏರಿದ ಹಾಗಿರುತ್ತದೆ ಅಷ್ಟೇ. ಚಂಡೆ ಪೆಟ್ಟು ಬಿದ್ದಾಗ ಒಮ್ಮೆಲೇ ಜಾಸ್ತಿ ಬೇಕಾಗುತ್ತದೆ ನಿಜ, ಅದಕ್ಕೆ ಪ್ರಾಮಾಣಿಕವಾದ 40-50 ವ್ಯಾಟ್ ಜಗಲಿಗೆ ಧಾರಾಳ ಆಯಿತು. ಆನ್‌ಲೈನಲ್ಲಿ ಸಿಗುವ ಅಂಗೈ ಅಗಲದ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ, ಪುಟ್ಟ ಗಾತ್ರದ ಆಂಪ್ಲಿಫೈಯರ್ ಬಗೆ) ಪೆಟ್ಟಿಗೆಗಳ ಮೇಲೆ 100+100 ಅಂತ ಬರೆದಿರುತ್ತಾರೆ. ಅದರ ಜೊತೆ ಕೊಡುವ ಅಡಾಪ್ಟರ್ ತಿರುಗಿಸಿ ನೋಡಿ. 24 ವೋಲ್ಟ್, 4.5 ಆಂಪಿಯರ್ ಅಂತಿದ್ದರೆ ಗುಣಿಸಿ: 108 ವ್ಯಾಟ್. ಎರಡು ಚಾನೆಲ್ ಸೇರಿ ನಿರಂತರವಾಗಿ ಅದಕ್ಕಿಂತ ಜಾಸ್ತಿ ಎಲ್ಲಿಂದ ಬರಬೇಕು, ಅಲ್ವಾ? ಹಾಗಂತ ಆ ಪೆಟ್ಟಿಗೆಗಳು ಕೆಟ್ಟವೇನಲ್ಲ. ನಿಮ್ಮ ಬಜೆಟ್ಟಿಗೆ ಅಂಥದ್ದೊಂದು, ಜೊತೆಗೆ ಬೇಕಾದರೆ ಪುಟ್ಟ ಫೋನೋ ಪ್ರಿ-ಆಂಪ್, ಮಿಕ್ಕಿದ್ದೆಲ್ಲ ಸ್ಪೀಕರಿಗೆ ಅಂತ ಲೆಕ್ಕ ಹಾಕಿದರೆ ಆರಾಮಾಗಿ ಆಗುತ್ತದೆ.

5.1 ಯಾಕೆ ಬೇಡ? 30 ಸಾವಿರದಲ್ಲಿ ರಿಸೀವರಿಗೇ ಬಹುಪಾಲು ಹೋದರೆ ಐದು ಸ್ಪೀಕರ್, ಒಂದು ಸಬ್‌ವೂಫರಿಗೆ ಉಳಿಯುವುದು ಚಿಲ್ಲರೆ. ಚಿಲ್ಲರೆ ಸ್ಪೀಕರ್ ಐದಕ್ಕಿಂತ ಒಳ್ಳೆಯದು ಎರಡೇ ಮೇಲು. ಇನ್ನೊಂದು ನಮ್ಮ ಮನೆಗಳ ರೀತಿ. ಜಗಲಿಗೆ ಒಂದು ಕಡೆ ಗೋಡೆಯೇ ಇರುವುದಿಲ್ಲ, ಅಂಗಳಕ್ಕೆ ತೆರೆದಿರುತ್ತದೆ. ಹಿಂದಿನ ಸ್ಪೀಕರ್ ಎಲ್ಲಿ ಇಡುತ್ತೀರಿ? ಮುಚ್ಚಿಗೆ ಮೇಲಿಂದ ವೈರು ಎಳೆದರೆ ಅಟ್ಟದ ಇಲಿ ಬಿಡುವುದಿಲ್ಲ. ಬಾಗಿಲು ಮುಚ್ಚುವ ಪ್ರತ್ಯೇಕ ಕೋಣೆ ಇದ್ದು, ಗೇಮಿನ ಪೆಟ್ಟಿಗೆ, ಬ್ಲೂ-ರೇ ಅಂತ ಎಚ್‌ಡಿಎಂಐ ಸಾಮಾನು ಜಾಸ್ತಿ ಇದ್ದು, ಬಜೆಟ್ಟೂ ಎರಡು-ಮೂರು ಪಟ್ಟು ಇದ್ದರೆ ಡೆನನ್, ಯಮಹಾ, ಸೋನಿಯ ರಿಸೀವರುಗಳನ್ನು ನಾನೇ ಹೇಳುತ್ತಿದ್ದೆ. ಸಿನಿಮಾದ ಮಾತು ಸ್ಪಷ್ಟವಾಗಿ ಕೇಳುವುದು ನಡುವಿನ ಸ್ಪೀಕರಿನಿಂದ, ಅದರ ಸುಖ ಬೇರೆಯೇ.

ಮೈಕ್‌ಸೆಟ್ ಆಂಪ್ಲಿಫೈಯರ್ ಬೇಡ. ಅದು ಮೋನೊ, ಎಡ-ಬಲ ಇಲ್ಲ. ಅದರ ಹಿಂದೆ 100 ವೋಲ್ಟ್ ಲೈನ್ ಅಂತ ಒಂದು ಟರ್ಮಿನಲ್ ಇರುತ್ತದೆ, ಊರಗಲ ಹಾರ್ನ್ ಕಟ್ಟಲು ಇರುವಂಥದ್ದು. ಮನೆಯ 8 ಓಮ್ ಸ್ಪೀಕರನ್ನು ಮರೆತು ಅದಕ್ಕೆ ಸಿಕ್ಕಿಸಿದರೆ ಸ್ಪೀಕರಿನ ಕಾಯಿಲ್ ಸುಟ್ಟು ಹೋಗಬಹುದು. ಸತ್ಯನಾರಾಯಣ ಪೂಜೆಗೆ ಇಟ್ಟುಕೊಳ್ಳಿ.

ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಇರದ ವಿಷಯ ಒಂದಿದೆ, ನಮಗೆ ಅದೇ ಮುಖ್ಯ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಸಿಡಿಲು. ಗುಡುಗು ಶುರುವಾದರೆ ಪ್ಲಗ್ ಕೀಳುವುದು ನಮಗೆಲ್ಲ ರೂಢಿ. ಆದರೆ ಡಿಶ್ಶಿನ ಕೇಬಲ್ ಹಾಗೇ ಇರುತ್ತದೆ, ಮೇಲೆ ಹಂಚಿನ ಪಕ್ಕ ಕೊಡೆ ಆಕಾಶ ನೋಡುತ್ತಾ ಕೂತಿರುತ್ತದೆ. ಆ ಹಾದಿಯಲ್ಲಿ ಬಂದದ್ದು ಬಾಕ್ಸ್ ದಾಟಿ ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗಬಹುದು. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ ಮೇಲೆ ಅಪಾಯವೂ ಜೋಡಿಯಾಗುತ್ತದೆ. ಎಲ್ಲ ಸಾಮಾನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಬರಲಿ, ಕಿತ್ತರೆ ಒಂದೇ ಪ್ಲಗ್ ಕೀಳುವ ಹಾಗೆ. ಜೊತೆಗೆ ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿ. ಸ್ಪೈಕ್ ಗಾರ್ಡ್ ಒಳ್ಳೆಯದೇ, ಆದರೆ ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದರಿಂದ ಪೂರ್ತಿ ಪ್ರಯೋಜನ ಇಲ್ಲ. ಈ ವಿಷಯದಲ್ಲಿ ಮಾತ್ರ ಎಆರ್‌ಸಿಗಿಂತ ಆಪ್ಟಿಕಲ್ ಮೇಲು: ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ದಾಟುವುದಿಲ್ಲ. ಸ್ಪೀಕರಿನಲ್ಲಿ ಸದಾ ಗುಂಯ್ ಅಂತಿದ್ದರೆ ಡಿಶ್ ಕೇಬಲ್ ಬಿಚ್ಚಿ ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಅರ್ಥಿಗೆ ಎರಡು ದಾರಿ ಸಿಕ್ಕಿ ಹುಟ್ಟುವ ಸದ್ದು), ಆಪ್ಟಿಕಲ್ ಹಾಕಿದರೆ ಬಹುಪಾಲು ಹೋಗುತ್ತದೆ. ಗುಂಯ್ ನಿಲ್ಲಿಸಲು ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ, ಅದೊಂದು ಮಾತ್ರ ಖಂಡಿತ ಬೇಡ.

ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಕರೆಂಟ್ ಎಷ್ಟು ಸೊರಗುತ್ತದೆ ಅಂತ ನಿಮಗೇ ಗೊತ್ತು. ಆಂಪ್ಲಿಫೈಯರಿನ ಹಿಂದೆ ಅಥವಾ ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿದ್ದರೆ ಸ್ಟೆಬಿಲೈಜರ್ ಬೇಕಿಲ್ಲ. ಬರೀ 230 ಅಂತಿದ್ದರೆ ಯೋಚನೆ ಮಾಡಿ. ಮಳೆಗಾಲದ ತೇವಕ್ಕೆ ತಿರುಗಣೆ ವಾಲ್ಯೂಮುಗಳು ಕರಕರ ಅನ್ನತೊಡಗುತ್ತವೆ. ದಿನಕ್ಕೆ ಸ್ವಲ್ಪ ಹೊತ್ತು ಓಡಿಸುತ್ತಿರಿ, ಆ ಬಿಸಿಗೆ ಒಳಗೆ ಒಣಗಿರುತ್ತದೆ. ಗಾಜಿನ ಶೋಕೇಸಿನೊಳಗೆ ಮುಚ್ಚಿ ಇಡಬೇಡಿ. ಬಿಸಿ ಜಾಗ ಹುಡುಕಿಕೊಂಡು ಹಲ್ಲಿ, ಇರುವೆ ಬರುತ್ತವೆ, ಗಾಳಿಕಿಂಡಿಗೆ ತೆಳ್ಳನೆ ಬಲೆ ಅಂಟಿಸಿದರೆ ಸಾಕು.

ಅಪ್ಪನಿಗೆ ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸಿನಲ್ಲಿ ಕೇಳುವ ಅಭ್ಯಾಸ ಇದ್ದರೆ ಒಂದು ಮಾತು. ಕ್ಲಾಸ್ ಡಿ ಪೆಟ್ಟಿಗೆ, ಅಡಾಪ್ಟರುಗಳ ಹತ್ತಿರ ಮೀಡಿಯಂ ವೇವ್ ರೇಡಿಯೊ ಗೊರಗೊರ ಅನ್ನುವುದು ಸಾಮಾನ್ಯ. ರೇಡಿಯೊ ಬೇರೆ ಕೋಣೆಯಲ್ಲಿರಲಿ.

ಟಿವಿ ಹಿಂಬದಿಯ ಮತ್ತು ರೆಕಾರ್ಡ್ ಪ್ಲೇಯರ್ ಹಿಂಬದಿಯ ಫೋಟೊ ಎರಡನ್ನೂ ಇಲ್ಲಿ ಹಾಕಿ. ಎಆರ್‌ಸಿ ಎಲ್ಲಿದೆ, ಫೋನೋ-ಲೈನ್ ಸ್ವಿಚ್ ಇದೆಯಾ ಅಂತ ನೋಡಿ ಹೇಳುತ್ತೇನೆ. ಅಲ್ಲಿತನಕ ಏನೂ ಆರ್ಡರ್ ಮಾಡಬೇಡಿ ಮಾರಾಯ್ರೆ.